ಕೌದಿಯೊಳಗ

ನಾಲ್ಕು ಕೌದಿ ಹಗ್ಗಕ್ಕ ಹಾಕಿ
ನಡುವ ಒಂದು ಸ್ಟೂಲು, ಮೈಕು, ತಂಬಿಗಿ ನೀರು.
ಫ್ಯಾನ್ ಬಂದ್.
ಹಳೇ ಹುಬ್ಬಳ್ಳಿ, ನೇಕಾರ ನಗರ, ಹಿಂದಿನ ಖೋಲಿ:
ಇದ ನನ್ನ ಸ್ಟುಡಿಯೋ.

ಏಪ್ರಿಲ್ ಸೆಕಿಯಾಗ ಕುಂತು ನಾ ಓದತೇನಿ,
‘ಪ್ಲೂಟೋದಲ್ಲಿ ಸಾರಜನಕವೂ ಹೆಪ್ಪುಗಟ್ಟುವಷ್ಟು ಚಳಿ.’
ಕನ್ನಡಕದಿಂದ ಬೆವರ ಹನಿ ಇಳದು
ಹಾಳಿ ಮ್ಯಾಲಿನ ಎರಡು ಸೊನ್ನಿ ಅಳಿಸಿ ಹೋದವು.
ಹೊರಗಿಂದ ದಾದಾಪೀರ ಒದರಿದ,
“ಅಕ್ಕಾರ, ಎಷ್ಟ ಕೋಟಿ ಕಿಲೋಮೀಟರ್ ಅಂದ್ರಿ?”

ಇಪ್ಪತ್ತಾರು ವರ್ಷ ನಾ ಬಸ್‌ಸ್ಟ್ಯಾಂಡಿನ ದನಿ.
‘ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿ
ಬಾದಾಮಿಗೆ ಹೋಗುವ ಬಸ್ಸು…’
ಗಾಜಿನ ಡಬ್ಬಿಯೊಳಗ ಕುಂತು ಊರೂರಿಗೆ ಮಂದೀನ್ನ ಕಳಿಸಿದೆ,
ಕಳದ ಹುಡುಗರ ಹೆಸರು, ಅಂಗಿ ಬಣ್ಣ ಹೇಳಿ ಕರದೆ.
ಒಂದಿನಾ ಪೆಟ್ಟಿಗಿ ಬಂತು.
ಅದಕ್ಕ ಗಂಟಲ ಇರಲಿಲ್ಲ, ಹಿಂಗಾಗಿ ಕೆಮ್ಮತಿರಲಿಲ್ಲ.
ನನ್ನ ಪಾಸ್ ಕೌಂಟರಿಗೆ ಹಾಕಿದರು.

ಈಗ ಟೀವಿಯವರು ಹತ್ತು ಭಾಗ ಕೊಟ್ಟಾರ, ಆಕಾಶದ್ದು.
“ಸುಲೋಚನಾ ಮೇಡಂ, ವಾಯ್ಸ್ ಚೆನ್ನಾಗಿದೆ,
ಆ ಧಾರವಾಡದ ಎಳೆತ ಒಂದು ತೆಗೀರಿ.”
ಇದು ಹುಬ್ಬಳ್ಳೀದ್ರೀ, ಅಂದೆ.
ಫೋನಿನ್ಯಾಗ ಯಾರೂ ನಗಲಿಲ್ಲ.

ಬ್ರಹ್ಮಾಂಡ ಹುಟ್ಟೂ ಸಾಲಿಗೆ ಐದು ಸಲ ಕುಂತೆ.
ಮೊದಲ ಸಲ ‘ಮೆಂತೇ, ಸಬ್ಬಸಗೀ’ ಅಂತ ಗಾಡಿ ಬಂತು,
ಆಮ್ಯಾಲ ಬಾಜೂ ಮನಿ ಕುಕ್ಕರ್ರು,
ಕಸದ ಗಾಡಿ ಹಾಡು,
ಆಮ್ಯಾಲ ನನಗ ಸೀನು.
ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಆಗೇತಿ,
ಇನ್ನ ಹತ್ತು ಮಿನಿಟಿಗೆ ಏನ ಆಗತೈತಿ ಅಂದ ದಾದಾಪೀರ,
ಚಾ ತರಾಕ ಹ್ವಾದ.

ಧೂಮಕೇತು ಬಂದಾಗ ನಾಲಿಗಿ ಹಳೇ ಹಾದಿ ಹಿಡೀತು:
‘ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಇದು ಇದೀಗ ಹೊರಡಲಿದೆ,
ಪ್ರಯಾಣಿಕರು ಗಮನಿಸಬೇಕು.’

ಶನಿ ಹೆಸರು ಅಷ್ಟ ಸಲ ತಗೋಬ್ಯಾಡವಾ,
ಎಳ್ಳೆಣ್ಣಿ ಕೊಟ್ಟ ಬಾ, ಅಂದಳು ನೀಲವ್ವ.
ಕೊಟ್ಟ ಬಂದೆ. ಉಂಗುರಕ್ಕೊಂದು ಚಮಚಾ ಅಂದರ
ಗಾಣಾನ ಬೇಕಾದೀತು.

ಎಂಟನೇ ಭಾಗದಾಗ ಒಂದು ನೌಕಿ.
ನಲವತ್ತೇಳು ವರ್ಷಾತು ಬಿಟ್ಟು, ನಡುವ ಒಂದು ಸ್ಟಾಪಿಲ್ಲ,
ತಿರುಗಿ ಬರೂ ಬಸ್ಸಿಲ್ಲ.
ಬಂಗಾರ ಬಳದ ತಟ್ಟಿಯೊಳಗ ಐವತ್ತೈದು ಭಾಷಾದ ನಮಸ್ಕಾರ.
ಹಾಳಿಯಾಗ ಕೆಂಪು ಪೆನ್ನಿನ್ಯಾಗ ಬರದಿದ್ದರು:
‘ಇಲ್ಲಿ ಮೂಲ ದನಿ ಕನ್ನಡದಲ್ಲೇ ಇದೆ.
ಡಬ್ಬಿಂಗ್ ಬೇಡ. ಸುಮ್ಮನಿರಿ.’

ಕಿವಿಗೆ ಹಾಕ್ಕೊಂಡ ಹೆಡ್‌ಫೋನಿನ್ಯಾಗ ಬರೇ ಸರಸರ,
ಆಮ್ಯಾಲ ಯಾರೋ ಒಬ್ಬರು,
ನಮಸ್ತೆ, ಅಂದರು.
ಇನ್ನ ಏನೋ ಅಂದರು ಕನ್ನಡಿಗರ ಪರವಾಗಿ.
ಮುಗೀತು.
ಗಡಿಬಿಡಿ ಇತ್ತ ಆ ದನಿಯೊಳಗ,
ಹಿಂದ ಮತ್ತೊಬ್ಬರ ಪಾಳಿ ಇದ್ದಾಂಗ.

ರಾತ್ರಿ ಹನ್ನೊಂದೂವರಿಗೆ ಗದಗಿನ ಕಡೀ ಗಾಡಿ ಇರತಿತ್ತು.
ಒಂದು ಮಳಿಯ ದಿನ ಸ್ಟ್ಯಾಂಡಿನ್ಯಾಗ ಯಾರೂ ಇಲ್ಲ,
ಒಂದು ನಾಯಿ, ಹಾಲ ಕಾಸೂ ಮಾದೇವ.
ಮೂರು ಸಲ ಹೇಳಬೇಕು ಅಂತ ನಿಯಮ.
ಮೂರು ಸಲ ಹೇಳಿದೆ.
ಅಣ್ಣೀಗೇರಿ ಅನ್ನೂದು ತೇವ ಆದ ಕಂಬ ಕಂಬಕ್ಕ ಬಡದು
ನನ್ನ ಹತ್ರನ ಬಂತು.
ನಾಯಿ ಕಿವಿ ಎತ್ತಿತ್ತು.

“ಅಕ್ಕಾರ, ಮುಂದಿನ ಸಾಲು.”
ಎದುರಿಗೆ ಕೌದಿ. ಅವ್ವನ ಇಳಕಲ್ ಸೀರಿ ತುಂಡಿನ ಪಕ್ಕಕ್ಕ
ನಮ್ಮವರ ಕಂಡಕ್ಟರ್ ಖಾಕಿ, ಜೇಬಿನ ಹೊಲಿಗಿ ಹಂಗ ಐತಿ.
ಹಾಳಿಯಾಗ ಇದ್ದದ್ದು,
‘ಅದು ಇನ್ನೂ ಹೋಗುತ್ತಲೇ ಇದೆ.’
ನಾ ಅಂದೆ,
ಅದು ಇನ್ನೂ ಹೋಗಾಕತ್ತೈತಿ.

ದಾದಾಪೀರ ಬಟನ್ ಒತ್ತಲಿಲ್ಲ.

ಮರುದಿನ ಬೆಂಗಳೂರಿಂದ ಮೆಸೇಜು:
ಭಾಗ ಎಂಟು, ಒಂದು ಸಾಲು, ರೀಟೇಕ್.
ಹಗ್ಗಕ್ಕ ಮತ್ತ ಕೌದಿ ಹಾಕೇನಿ.
ಬಾಜೂ ಮನಿ ಕುಕ್ಕರ್ ಮೂರು ಸೀಟಿ ಹೊಡದೈತಿ,
ಇನ್ನೊಂದು ಆಗಲಿ ಅಂತ ಕುಂತೇನಿ.